ಕಿಚ್ಚಿನ ಮೇಲೆ ನಿಂತ ನಡಿಗೆ

ಸಂಕ್ರಾಂತಿಯ ದಿನ ಇಳಿಹೊತ್ತಿನಲ್ಲಿ ನಾನು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಟಪ್ಪನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಟ್ಯಾಂಕಿಗೆ ನೀರು ಏರಲಿ ಎಂದು ಬೋರ್‌ವೆಲ್ಲಿನ ಮೋಟರು ಹಾಕಿ ಬಂದಿದ್ದೆ. ಅದು ಹಿತ್ತಲಲ್ಲಿ ಗುಂಯ್ ಎನ್ನುತ್ತಿತ್ತು. ಎದುರಿಗೆ ಮಣೆಯ ಮೇಲೆ ಧಾರವಾಡದ ಮೇಡಂ ಕೂತಿದ್ದರು. ಹೆಬ್ಬಾಳದ ಕಡೆ ಆಫೀಸಿನಲ್ಲಿ ಕೆಲಸ ಮಾಡುವ ಒಂಟಿ ಹೆಣ್ಣುಮಗಳು. ತಮ್ಮ ಬಿಳಿ ಕುದುರೆಯನ್ನು ನಮ್ಮ ಲಾಯದಲ್ಲಿ ಇಟ್ಟಿದ್ದರು. ಹಬ್ಬಕ್ಕೆಂದು ತಮ್ಮ ಕಡೆಯ ಕುಸುರೆಳ್ಳನ್ನು ಡಬ್ಬಿಯಲ್ಲಿ ತಂದಿದ್ದರು; ನಾನು ಎಳ್ಳು ಬೆಲ್ಲ, ಕಬ್ಬಿನ ತುಂಡು ಕೊಟ್ಟು ಕುಂಕುಮ ಇಟ್ಟಿದ್ದೆ.

"ಅಕ್ಕಾರ, ಇಷ್ಟೂ ಕಾಳು ಒಂದೊಂದೇ ಹಿಚುಕೋದೇನ್ರಿ? ನಮ್ಮ ಕಡೆಯವ್ರು ನೋಡಿದ್ರ, ಇವ್ರಿಗೆ ಬ್ಯಾರೆ ಉದ್ಯೋಗ ಇಲ್ಲೇನು ಅಂತಾರ."

"ತಿನ್ನೋವಾಗ ಯಾರೂ ಹಂಗೆ ಕೇಳಲ್ಲ ಮೇಡಂ. ನೀವೂ ಒಂದ್ ಹಿಡಿ ಹಿಸುಕಿ, ಪುಣ್ಯ ಬರುತ್ತೆ."

ಅವರು ನಕ್ಕು ಪಾತ್ರೆಗೆ ಕೈ ಹಾಕಿದ್ದರಷ್ಟೆ. ಹಿತ್ತಲ ಬಾಗಿಲಿನಿಂದ ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಚಪ್ಪಲಿಯಿಲ್ಲದೆ ಓಡಿ ಬಂದಳು.

"ಬಾರೇ ಬೇಗ! ಬಿಳೀ ಕುದ್ರೆ ಕಿಚ್ಚಿನ ಮೇಲೆ ನಿಂತ್ಕಂಡ್‌ಬಿಟ್ಟೈತೆ! ಎಷ್ಟ್ ಒಡುದ್ರೂ ಇಳೀತಿಲ್ಲ!"

ಮೇಡಂ ಎದ್ದ ರಭಸಕ್ಕೆ ಕುಸುರೆಳ್ಳಿನ ಡಬ್ಬಿ ಉರುಳಿತು. ನಾವು ಮೂವರೂ ಓಡಿದೆವು.

ನಮ್ಮ ಮನೆಯಿಂದ ಕಿಚ್ಚು ಹಾಕಿದ್ದ ಜಾಗಕ್ಕೆ ಬಹಳ ದೂರವಿಲ್ಲ. ಆದರೆ ಅಲ್ಲಿ ನಾನು ಕಂಡದ್ದು ಅರ್ಥವಾಗಬೇಕಾದರೆ ನಮ್ಮ ಲಾಯದ ವಿಷಯ ಸ್ವಲ್ಪ ಹೇಳಲೇಬೇಕು.

ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಆಚೆ ನಮ್ಮತ್ತೆ ಮನೆಯವರ ಜಮೀನು. ಮೂರು ಕಡೆಗೂ ಅಪಾರ್ಟ್‌ಮೆಂಟು ಎದ್ದ ಮೇಲೆ ಉಳಿದದ್ದು ಒಂದು ಪಟ್ಟಿ ನೆಲ. ಅದರಲ್ಲಿ ಅರ್ಧ ನಮ್ಮ ಭಾವನದು, ಅರ್ಧ ನಮ್ಮದು. ಭಾವ ಹಸು ಕಟ್ಟಿಕೊಂಡರು. ನನ್ನ ಗಂಡ ಚಿಕ್ಕಂದಿನಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಹಿರಿಯರ ಬಳಿ ಕುದುರೆ ಕೆಲಸಕ್ಕೆ ಸೇರಿ, ಅವರಿಂದಲೇ ವಿದ್ಯೆ ಕಲಿತು, ಆಮೇಲೆ ನಮ್ಮ ಪಾಲಿನಲ್ಲಿ ಲಾಯ ಕಟ್ಟಿದರು. ಕುದುರೆಗೆ ನಡಿಗೆ ಕಲಿಸುವ ಮರಳಿನ ಅಂಗಳ ಮಾತ್ರ ಭಾವನ ಪಾಲಿಗೆ ಸೇರಿದ್ದು. "ಮರಳ್ ತಾನೇ, ಆಕ್ಕೋ," ಎಂದು ಭಾವ ಬಾಯಿ ಮಾತಿನಲ್ಲಿ ಬಿಟ್ಟುಕೊಟ್ಟಿದ್ದರು.

ನಮ್ಮಲ್ಲಿ ಕಲಿಸುವುದು ಡ್ರೆಸ್ಸಾಜು. ಅದು ಓಡಿಸುವ ವಿದ್ಯೆಯಲ್ಲ, ಹಾರಿಸುವುದೂ ಅಲ್ಲ. ಮೇಲೆ ಕೂತವರ ಬೆರಳು ಅಲುಗಿದರೆ ಸಾಕು, ಕುದುರೆ ಹೆಜ್ಜೆ ಬದಲಿಸಬೇಕು. ನೋಡುವವರಿಗೆ ಸವಾರ ಏನೂ ಮಾಡಿದಂತೆ ಕಾಣಬಾರದು. ಶನಿವಾರ ಭಾನುವಾರ ಅಪಾರ್ಟ್‌ಮೆಂಟಿನ ಮಕ್ಕಳು ಕಲಿಯಲು ಬರುತ್ತಾರೆ. ಕೆಲವರು ತಮ್ಮ ಕುದುರೆಯನ್ನು ನಮ್ಮಲ್ಲೇ ಬಿಟ್ಟು, ಮೇವು ಮತ್ತು ಆರೈಕೆಯ ಖರ್ಚು ಕೊಟ್ಟು, ಬೆಳಿಗ್ಗೆ ಬಂದು ಸವಾರಿ ಮಾಡಿ ಹೋಗುತ್ತಾರೆ. ಧಾರವಾಡದ ಮೇಡಂ ಹಾಗೆ ಬಂದವರು.

ಅವರ ಬಿಳಿ ಕುದುರೆ ರೇಸಿನಿಂದ ಹೊರಹಾಕಿದ ಪ್ರಾಣಿ. ಬಂದಾಗ ಪಕ್ಕೆಲುಬು ಎಣಿಸಬಹುದಿತ್ತು. ಹತ್ತಿರ ಹೋದವರನ್ನು ಕಚ್ಚುತ್ತಿತ್ತು. ನನ್ನ ಗಂಡನ ತೋಳಿನಿಂದ ಒಂದು ತುಂಡು ಮಾಂಸವನ್ನೇ ಕಿತ್ತಿತ್ತು. ಆ ಗುಳಿ ಈಗಲೂ ಇದೆ. ನಾನು ಅಳುತ್ತಾ ಅರಿಶಿನ ಒತ್ತುತ್ತಿದ್ದರೆ ಅವರು, "ಯಾರೋ ಚೆನ್ನಾಗ್ ಹೊಡೆದವ್ರೆ ಕಣೇ ಇದಕ್ಕೆ. ಇನ್ನು ಇಲ್ಲಿ ಯಾರೂ ಹೊಡೆಯೋ ಹಂಗಿಲ್ಲ," ಎಂದಿದ್ದರು. ಹೊಡೆಯಲೂ ಇಲ್ಲ. ನಮ್ಮ ಲಾಯದಲ್ಲಿ ಉದ್ದನೆಯ ಚಾಟಿ ಇದೆ, ಅದು ಗಾಳಿಯಲ್ಲಿ ಸದ್ದು ಮಾಡಲಿಕ್ಕಷ್ಟೇ.

ವರ್ಷಗಟ್ಟಲೆ ಹಿಡಿದು ಅದಕ್ಕೆ ಒಂದೊಂದೇ ಕಲಿಸಿದರು. ಕೊನೆಗೆ ಕಲಿಸಿದ್ದು ನಿಂತ ನಡಿಗೆ. ಮುಂದೆ ಲಗಾಮನ್ನು ಬಿಗಿಯಾಗಿ ಹಿಡಿದು, ಹಿಂಗಾಲಿನ ಮೇಲ್ಭಾಗಕ್ಕೆ ತೆಳ್ಳಗಿನ ಬೆತ್ತದಿಂದ ಮೆಲ್ಲಗೆ ತಟ್ಟಬೇಕು. ಆಗ ಕುದುರೆ ಮುಂದಕ್ಕೆ ಹೋಗದೆ, ಹಿಂದಕ್ಕೂ ಸರಿಯದೆ, ಇದ್ದಲ್ಲೇ ಒಂದಾದ ಮೇಲೊಂದು ಕಾಲೆತ್ತಿ ಇಡುತ್ತದೆ. ಬಹಳ ಕಷ್ಟದ ಪಾಠವಂತೆ. ಅದು ಮುಗಿದ ಕೂಡಲೇ ಬಿಳೀದು ಕತ್ತು ಹೊರಳಿಸಿ ನನ್ನನ್ನು ಹುಡುಕುತ್ತಿತ್ತು, ಯಾಕೆಂದರೆ ಬೆಲ್ಲದ ಡಬ್ಬಿ ನನ್ನ ಕೈಯಲ್ಲಿರುತ್ತಿತ್ತು. ನನಗೆ ಅದರ ಹಲ್ಲಿನ ಭಯ ಹೋಗಿರಲಿಲ್ಲ. ದೇವರ ಹೆಸರು ಹೇಳಿಕೊಂಡು, ಅಂಗೈ ಚಪ್ಪಟೆ ಮಾಡಿ, ಕಣ್ಣುಮುಚ್ಚಿ ಕೊಡುತ್ತಿದ್ದೆ.

ಇನ್ನು ಕಿಚ್ಚಿನ ವಿಷಯ. ಅಪಾರ್ಟ್‌ಮೆಂಟು ಬಂದರೂ ನಮ್ಮ ಹಳ್ಳಿಯ ಸಂಕ್ರಾಂತಿ ನಿಂತಿಲ್ಲ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ದಾರಿಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿ ಕೊಟ್ಟು ಹಾಯಿಸುತ್ತಾರೆ. ಮೊದಲು ಹಾಯಬೇಕಾದದ್ದು ನಮ್ಮ ಭಾವನ ಮನೆಯ ಎತ್ತು. ಅದು ಅವರ ತಾತನ ಕಾಲದ ಮರ್ಯಾದೆ. ಉಳಲು ಹೊಲವಿಲ್ಲದ ಮೇಲೆ ಎತ್ತು ಮಾರಿದರು. ಹಿಂದಿನ ವರ್ಷ ಎರಡು ಸೀಮೆಹಸು ಹಿಡಿದುಕೊಂಡು ಹೋದರೆ ಅವು ಕಿಚ್ಚಿನ ಮುಂದೆ ಮಲಗಿಬಿಟ್ಟವು. ಊರವರು ನಕ್ಕರು. "ಬರೋ ವರ್ಸ ಮೇಕೆ ಇಡ್ಕೊಂಡ್ ಬಾ ಗುರು, ಅದಾದ್ರೂ ನೆಗೀತದೆ," ಎಂದು ಯಾರೋ ಅಂದದ್ದು ಭಾವನ ಎದೆಯಲ್ಲಿ ವರ್ಷವಿಡೀ ಕೂತಿತ್ತು.

ಆ ಹಬ್ಬದ ಬೆಳಿಗ್ಗೆ ಅವರು ನನ್ನ ಗಂಡನನ್ನು ಕೇಳಿದರು. "ಬಿಳೀದ್ನ ಒಂದ್ ಸರ್ತಿ ಆಯಿಸ್ತೀನಿ. ಊರೋರ್ ಬಾಯಿ ಮುಚ್ಲಿ."

"ಬೇಡಣ್ಣ. ಅದು ಮೇಡಂದು. ಕುದುರೆ ಬೆಂಕಿಗೆ ಹೆದರ್ತದೆ."

"ಎತ್ತು ಎದರಲ್ವೇನೋ? ಎದರಿಕೆ ಓಗ್ಲಿ ಅಂತ್ಲೇ ಅಲ್ವಾ ಆಯ್ಸೋದು!"

ಭಾವ ನಕ್ಕರು, ಇವರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡೆವು. ಪ್ರತಿ ಸಂಕ್ರಾಂತಿಯಂತೆ ಇವರು ಕತ್ತಲಾಗುವ ಮೊದಲೇ ಕುದುರೆಗಳನ್ನು ಒಂದೊಂದಾಗಿ ದೂರದ ತಗಡಿನ ಶೆಡ್ಡಿಗೆ ಒಯ್ದು ಕಟ್ಟುತ್ತಿದ್ದರು, ಹೊಗೆ ಮೂಗಿಗೆ ಬಡಿಯಬಾರದೆಂದು. ಮೇಡಂ ಮೈ ತೊಳೆದು ಚೆಂಡು ಹೂವಿನ ಹಾರ ಹಾಕಿದ್ದರಿಂದ ಬಿಳೀದು ಕೊನೆಗೆ ಉಳಿದಿತ್ತು. ಮೇಡಂ ನನ್ನ ಅಡುಗೆಮನೆಗೆ ಬಂದರು. ಇವರು ಶೆಡ್ಡಿನಲ್ಲಿದ್ದರು. ಭಾವ ಬಂದು ಹಗ್ಗ ಬಿಚ್ಚಿಕೊಂಡು ಹೋದರು.

ನಾವು ಓಡಿ ಹೋದಾಗ ಹುಲ್ಲು ಮೊಳಕಾಲೆತ್ತರಕ್ಕೆ ಉರಿಯುತ್ತಿತ್ತು. ಬಿಳೀದು ಅದರ ನಡುವೆ ಇತ್ತು.

ಭಾವ ಉರಿಯ ಆಚೆ ನಿಂತು, ಕುದುರೆಯ ಗದ್ದದ ಕೆಳಗೆ ಹಗ್ಗವನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಈಚೆ ಅವರ ಮಗ ಬಿದಿರಿನ ಗಳು ಹಿಡಿದು ಹಿಂಗಾಲಿನ ಮೇಲ್ಭಾಗಕ್ಕೆ ಬಾರಿಸುತ್ತಿದ್ದ. ಕುದುರೆ ಕತ್ತು ಬಾಗಿಸಿಕೊಂಡು, ಬಾಯಲ್ಲಿ ನೊರೆ ಸುರಿಸುತ್ತ, ಇದ್ದಲ್ಲೇ ಕಾಲೆತ್ತಿ ಇಡುತ್ತಿತ್ತು. ಒಂದು ಕಾಲು, ಇನ್ನೊಂದು ಕಾಲು. ಮರಳಿನಲ್ಲಿ ಮಾಡುತ್ತಿದ್ದ ಹಾಗೆಯೇ. ಹಾರದ ಹೂವು ಉರಿದು ಕೆಳಗೆ ಬೀಳುತ್ತಿತ್ತು. ಕೂದಲು ಸುಟ್ಟ ವಾಸನೆ, ಅದರ ಹಿಂದೆ ಚರ್ಮದ ವಾಸನೆ.

ಜನ ತಟ್ಟೆ ಬಡಿದು ಶಿಳ್ಳೆ ಹಾಕುತ್ತಿದ್ದರು. "ಡ್ಯಾನ್ಸ್ ಆಡ್ತಾವ್ನೆ ಮಗಾ! ವಿಡಿಯೋ ತಗಿ, ವಿಡಿಯೋ ತಗಿ!"

"ಹಗ್ಗ ಬಿಡ್ರಿ!" ಮೇಡಂ ಕಿರುಚಿದರು. "ಹೊಡೀಬ್ಯಾಡ್ರಿ! ನೀವು ಹೇಳಿದ್ದನ್ನೇ ಮಾಡ್ಲಿಕ್ಕತ್ತದ ಅದು!"

ಭಾವ ಬಿಡಲಿಲ್ಲ. ಹುಟ್ಟಿದಾಗಿನಿಂದ ಎತ್ತು ಹಿಡಿದವರು. ಕಿಚ್ಚಿನ ಮುಂದೆ ಮೂಗುದಾರ ಸಡಿಲಿಸುವುದು ಅವರ ಕೈಗೆ ಗೊತ್ತೇ ಇಲ್ಲ. "ಇಡೀದೆ ಬಿಟ್ರೆ ಉರಿಯಾಗೇ ಕೂತ್ಕತ್ತದೆ! ಒಡಿಯೋ ಮಗನೇ, ಇನ್ನೊಂದ್ ಬಾರ್ಸು!" ಎಂದು ಕೂಗಿದರು. ಮಗ ಬಾರಿಸಿದ. ಕುದುರೆ ಇನ್ನೂ ಎತ್ತರಕ್ಕೆ ಕಾಲೆತ್ತಿತು. ಅವರು ಜೋರು ಮಾಡಿದಷ್ಟೂ ಅದು ಪಾಠ ಚೆನ್ನಾಗಿ ಒಪ್ಪಿಸುತ್ತಿತ್ತು.

ಶೆಡ್ಡಿನ ಕಡೆಯಿಂದ ನನ್ನ ಗಂಡ ಓಡಿ ಬರುತ್ತಿದ್ದರು. "ಕೈ ಬಿಡಣ್ಣಾ! ಕೈ ಬಿಡು!" ಎಂಬುದು ಕೇಳುತ್ತಿತ್ತು. ಅವರು ತಲುಪುವ ಮೊದಲೇ ಬಿಳೀದು ಕೂಗಿತು. ಕೆನೆದದ್ದಲ್ಲ. ಅಂಥ ದನಿ ಪ್ರಾಣಿಯಿಂದ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಿಂಗಾಲಿನ ಮೇಲೆ ನೆಟ್ಟಗೆ ಎದ್ದು ಕೆಳಗೆ ಬರುವಾಗ ಅದರ ಮುಂಗಾಲಿನ ಲಾಳ ಭಾವನ ದವಡೆಗೆ ಬಿತ್ತು. ಕಾಯಿ ಒಡೆದ ಸದ್ದು. ಭಾವ ಉರಿಯ ಅಂಚಿಗೇ ಬಿದ್ದರು, ಪಂಚೆಗೆ ಬೆಂಕಿ ಹತ್ತಿತು. ನಾನು ಯೋಚಿಸಲಿಲ್ಲ, ಎರಡೂ ಕೈಯಿಂದ ಬಡಿದು ಆರಿಸಿದೆ. ಹಸು ತೊಳೆದು ಬಂದಿದ್ದರಿಂದ ಪಂಚೆಯ ಅಂಚು ಒದ್ದೆಯಿತ್ತು. ಇಲ್ಲದಿದ್ದರೆ ಕಾಲೇ ಹೋಗುತ್ತಿತ್ತು. ಅವರ ಮುಖದ ಕೆಳಭಾಗ ಒಂದು ಕಡೆಗೆ ಜಾರಿತ್ತು. ಬಾಯಿಂದ ರಕ್ತ, ರಕ್ತದಲ್ಲಿ ಹಲ್ಲು.

ಕುದುರೆ ಹಗ್ಗ ಎಳೆದುಕೊಂಡು ನೇರ ತನ್ನ ಮರಳಿನ ಅಂಗಳದ ಕಡೆ ಓಡಿತು. ನಡುವೆ ಹಸುಗಳಿಗೆಂದು ಭಾವ ಹಾಕಿದ್ದ ಮುಳ್ಳುತಂತಿ. ಕಾಣಲಿಲ್ಲವೋ, ಕಂಡರೂ ನಿಲ್ಲಲಿಲ್ಲವೋ, ಎದೆಯಿಂದಲೇ ತಂತಿ ಹರಿದುಕೊಂಡು, ತೆರೆದಿದ್ದ ಗೇಟಿನಿಂದ ಅಂಗಳದ ಒಳಗೆ ಹೋಯಿತು. ಬಿಳಿ ಎದೆ ಕೆಂಪಾಯಿತು. ಅಂಗಳದ ಮೂಲೆಗೆ ಪಿರ್ರೆ ಒತ್ತಿ ನಿಂತು, ಸುಟ್ಟ ಕಾಲುಗಳನ್ನು ನೆಲದ ಮೇಲೆ ಇಡಲಾರದೆ ಒಂದೊಂದೇ ಎತ್ತುತ್ತಿತ್ತು.

ಭಾವನ ಮಗ ಹಸು ಕಟ್ಟುವ ಗೂಟದ ಬಳಿಯಿಂದ ಹಾರೆ ಕಿತ್ತುಕೊಂಡ. ಅಪ್ಪನ ಕಡೆ ನೋಡಲೂ ಇಲ್ಲ, ಅಂಗಳದ ಕಡೆ ನಡೆದ. ಅಷ್ಟರಲ್ಲಿ ನನ್ನ ಗಂಡ ಗೇಟಿನಲ್ಲಿ ಅಡ್ಡ ನಿಂತಿದ್ದರು.

"ಚಿಕ್ಕಪ್ಪ, ಸರ್ಕೋ. ಅದನ್ನ ಉಳ್ಸಲ್ಲ ನಾನು."

"ಮೊದ್ಲು ನಿಮ್ಮಪ್ಪನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗೋ."

"ನಮ್ ಜಾಗದಲ್ಲಿ ನಿಂತ್ಕೊಂಡು ನಂಗೇ ಬುದ್ಧಿ ಏಳ್ತೀಯಾ? ನಮ್ಮಪ್ಪ ಕೊಟ್ಟ ಮಣ್ಣಲ್ಲಿ ನಿನ್ ಕುದ್ರೆ ಕುಣೀತಿರೋದು!"

ಇವರನ್ನು ಎದೆಗೆ ತಳ್ಳಿ ಒಳಗೆ ನುಗ್ಗಿದ. ಹಾರೆ ಕುದುರೆಯ ಬೆನ್ನಿನ ಮೇಲೆ ಬಿತ್ತು. ಬಿಳೀದು ಒದೆಯಿತು, ಒದೆ ಅವನಿಗೆ ತಾಗದೆ ಬೇಲಿಯ ಹಲಗೆ ಎರಡು ಹೋಳಾಯಿತು. ಅವನು ಮತ್ತೆ ಹಾರೆ ಎತ್ತಿದ. ನನ್ನ ಗಂಡ ಬೇಲಿಗೆ ನೇತುಹಾಕಿದ್ದ ಉದ್ದ ಚಾಟಿಯನ್ನು ಎಳೆದುಕೊಂಡರು. ಯಾವ ಕುದುರೆಯ ಮೈಗೂ ತಾಗಿಸದೆ ಕಾಪಾಡಿಕೊಂಡು ಬಂದಿದ್ದ ಚಾಟಿ ಮೊದಲ ಸಲ ತಾಗಿದ್ದು ಅಣ್ಣನ ಮಗನ ಮುಖಕ್ಕೆ. ಕಿವಿಯಿಂದ ತುಟಿಯವರೆಗೆ ಗೆರೆ ಬಿರಿಯಿತು. ಅವನು ಕುದುರೆಯನ್ನು ಬಿಟ್ಟು ಇವರ ಕಡೆ ತಿರುಗಿ ಹಾರೆ ಬೀಸಿದ. ಇವರ ಹೆಗಲ ಮೂಳೆ ಮುರಿದ ಸದ್ದು ಕಬ್ಬಿನ ಜಲ್ಲೆ ಮುರಿದ ಸದ್ದಿನಂತೆಯೇ ಇತ್ತು. ಆ ವರ್ಷದಿಂದ ನಾನು ಹಬ್ಬಕ್ಕೆ ಕಬ್ಬು ಮುರಿಯುವುದಿಲ್ಲ, ಅಂಗಡಿಯಲ್ಲೇ ಕತ್ತರಿಸಿ ತರುತ್ತೇನೆ.

ಇವರು ಮಂಡಿಯೂರಿ ಬಿದ್ದರು. ಹಾರೆ ಇನ್ನೊಮ್ಮೆ ಮೇಲೆದ್ದಿತು. ಅಷ್ಟರಲ್ಲಿ ನಾನೂ ಮೇಡಂ ಕೂಡ ಅಂಗಳಕ್ಕೆ ಓಡಿ ಬಂದಿದ್ದೆವು. ಧಾರವಾಡದ ಮೇಡಂ ಎರಡೂ ಕೈ ತುಂಬ ಮರಳು ಬಾಚಿ ಅವನ ಕಣ್ಣಿಗೆ ಎಸೆದರು. ಅವನು ಕಣ್ಣು ಹಿಡಿದುಕೊಂಡು ಬಾಯಿಗೆ ಬಂದದ್ದನ್ನೆಲ್ಲ ಬೈದ. ಮೇಡಂ ಇನ್ನೊಂದು ಹಿಡಿ ಬಾಚಿ ಅವನ ಬಾಯಿಗೇ ಎಸೆದರು.

ಹಿಂದಿನಿಂದ ನನ್ನ ಜುಟ್ಟಿಗೆ ಕೈ ಬಿತ್ತು. ವಾರಗಿತ್ತಿ. "ನಿನ್ ಗಂಡನ ಕುದ್ರೆ ನನ್ ಗಂಡನ್ನ ತಿಂತಲ್ಲೇ! ನೀನು ಬೆಲ್ಲ ಕೊಟ್ಟು ಕೊಬ್ಬಿಸ್ದೆ ಅದನ್ನ!" ಎಂದು ಎಳೆದಳು. ನಾನು ಅವಳ ಕೈ ಕಚ್ಚಿದೆ. ಒಂದೇ ಒಲೆಯಲ್ಲಿ ಇಬ್ಬರೂ ವರ್ಷಗಟ್ಟಲೆ ಮುದ್ದೆ ತೊಳಸಿದವರು, ನೆಲದ ಮೇಲೆ ಹೊರಳಾಡಿದೆವು. ನನ್ನ ಕೂದಲು ಒಂದು ಹಿಡಿ ಅವಳ ಕೈಗೆ ಹೋಯಿತು. ತಾಳಿ ಹರಿಯಲಿಲ್ಲ, ನನ್ನದೂ ಅವಳದೂ. ಅದನ್ನು ನಾನು ಆ ದಿನದ ಪುಣ್ಯದ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಬಿಡಿಸಿದ್ದು ಭಾವನ ಉಸಿರು. ಅವರ ಗಂಟಲಿಗೆ ರಕ್ತ ಇಳಿದು ಗೊರಗೊರ ಸದ್ದಾಗುತ್ತಿತ್ತು. ಯಾರೋ, "ಉಸ್ರಾಡ್ತಿಲ್ಲ ಬರ್ರೋ!" ಎಂದು ಕೂಗಿದರು. ವಾರಗಿತ್ತಿ ನನ್ನನ್ನು ಬಿಟ್ಟು ಓಡಿದಳು. ಮಗನೂ ಹಾರೆ ಕೆಳಗೆ ಹಾಕಿದ. ಭಾವನನ್ನು ಒಂದು ಮಗ್ಗುಲಿಗೆ ಮಲಗಿಸಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೊರಟರು. ಆಟೋ ಹತ್ತುವಾಗ ಆ ಹುಡುಗ ಮುಖದ ರಕ್ತ ಒರೆಸಿಕೊಂಡು ಹೇಳಿದ: "ನಾನ್ ವಾಪಸ್ ಬರೋದ್ರೊಳಗೆ ಅದು ಸತ್ತಿರ್ಬೇಕು. ಇಲ್ಲಾಂದ್ರೆ ನಾನೇ ಮುಗಿಸ್ತೀನಿ."

ಜನ ಚದುರಿದರು. ಅಂಗಳದಲ್ಲಿ ನಾವು ಮೂವರು ಮತ್ತು ಆ ಕುದುರೆ. ನನ್ನ ಗಂಡನ ತೋಳನ್ನು ಟವೆಲ್ಲಿನಿಂದ ಎದೆಗೆ ಕಟ್ಟಿದೆ. ಆಸ್ಪತ್ರೆಗೆ ಹೋಗೋಣ ಎಂದರೆ ತಲೆಯಾಡಿಸಿಬಿಟ್ಟರು. ಮೇಡಂ ಆಗಲೇ ಕುದುರೆ ಡಾಕ್ಟರಿಗೆ ಫೋನು ಮಾಡಿದ್ದರು; ಹಬ್ಬದ ದಿನವಾದರೂ ಅವರು ಹೆಬ್ಬಾಳದಿಂದ ಸ್ಕೂಟರಿನಲ್ಲಿ ಬಂದರು. ಅದೂ ದೇವರು ಕೊಟ್ಟದ್ದೇ.

ಡಾಕ್ಟರು ಬೇಲಿಯ ಹೊರಗಿಂದ ನೋಡಿದರು. ಎದೆಯ ಗಾಯ ಹೊಲಿಯಬಹುದು, ಭಯ ಕಾಲಿನದು, ಎಂದರು. ಗೊರಸಿನ ಮೇಲೆ ಸುತ್ತಲೂ ಬೆಂದಿದೆ. ಈಗಲೇ ತಣ್ಣೀರಲ್ಲಿ ನಿಲ್ಲಿಸಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಪಟ್ಟಿ ಕಟ್ಟಿದರೆ ಉಳಿಯಬಹುದು. ಇಲ್ಲವಾದರೆ ಒಳಗೆ ಬಾವು ಬಂದು ಗೊರಸೇ ಕಳಚಿಕೊಳ್ಳುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗದು. ಅವರು ಇಂಜೆಕ್ಷನ್ ಹಿಡಿದು ಒಳಗೆ ಹೋದರು. ಬಿಳೀದು ಕಿವಿ ಹಿಂದಕ್ಕೆ ಮಲಗಿಸಿ, ಹಲ್ಲು ತೆರೆದು ಮೇಲೆ ಬಂತು. ಡಾಕ್ಟರು ಬೇಲಿ ಹಾರಿದರು. ಅವರ ಬ್ಯಾಗು ಕಾಲಡಿ ಸಿಕ್ಕಿ ಚಪ್ಪಟೆಯಾಯಿತು. ನನ್ನ ಗಂಡ ಹೋದರು. ತನ್ನನ್ನು ಸಾಕಿದವರನ್ನೂ ಅದು ಬಿಡಲಿಲ್ಲ; ಅವರ ಮುರಿದ ಹೆಗಲಿಗೇ ತಲೆಯಿಂದ ಗುದ್ದಿ ಕೆಡವಿತು.

ಡಾಕ್ಟರು ಮೇಡಂ ಹತ್ತಿರ ಬಂದರು. "ಮುಟ್ಟೋಕೆ ಬಿಡ್ತಿಲ್ಲ ಮೇಡಂ. ಹಿಂಗೇ ಬಿಟ್ರೆ ಹಿಂಸೆ ಪಟ್ಕೊಂಡು ಸಾಯುತ್ತೆ. ನೀವು ಹೂಂ ಅಂದ್ರೆ, ದೂರದಿಂದ್ಲೇ ಮುಗಿಸೋ ಹಾಗೆ ಯಾರನ್ನಾದ್ರೂ ಕರೆಸ್ತೀನಿ. ಬೇಗ ಹೇಳ್ಬೇಕು."

ಮೇಡಂ ಕೆನ್ನೆಯ ಮೇಲೆ ಮರಳು ಮೆತ್ತಿಕೊಂಡಿತ್ತು. "ಸ್ವಲ್ಪ ತಡೀರಿ ಸರ್, ಸ್ವಲ್ಪ ತಡೀರಿ," ಅಂದರು. ಏನಕ್ಕೆ ತಡೆಯಬೇಕೆಂದು ಅವರಿಗೂ ತಿಳಿದಿರಲಿಲ್ಲ. ನಾನು ಕೈಮುಗಿದು ನಿಂತೆ. ಪ್ರಾರ್ಥನೆಯ ಮಾತು ಯಾವುದೂ ನೆನಪಾಗಲಿಲ್ಲ. ಸ್ವಾಮೀ, ಸ್ವಾಮೀ ಎಂದಷ್ಟೇ ಹೇಳುತ್ತಿದ್ದೆ.

ಆಗ ನೀರಿನ ಸದ್ದು ಕೇಳಿಸಿತು.

ಮೋಟರು. ಎಲ್ಲರೂ ಓಡಿ ಬಂದ ಗಡಿಬಿಡಿಯಲ್ಲಿ ಮೋಟರು ಹಾಗೇ ಉಳಿದಿತ್ತು. ಟ್ಯಾಂಕು ತುಂಬಿ, ಪೈಪಿನಿಂದ ಧೋ ಎಂದು ಸುರಿದು, ಹಿತ್ತಲ ಇಳಿಜಾರಿನಲ್ಲಿ ಹರಿದು, ಬೇಲಿಯ ಕೆಳಗಿನಿಂದ ಅಂಗಳದ ತಗ್ಗಿನ ಮೂಲೆಗೆ ಬಂದು ಸೇರುತ್ತಿತ್ತು. ಬೇರೆ ದಿನವಾಗಿದ್ದರೆ, "ನೀರೇನ್ ನಿಮ್ಮಪ್ಪ ಕಳ್ಸಿದ್ದಾ?" ಎಂದು ಇವರಿಂದ ಬೈಸಿಕೊಳ್ಳುತ್ತಿದ್ದೆ. ಮರಳು ನೆನೆದು ಕೆಸರಾಗಿ, ಕೆಸರಿನ ಮೇಲೆ ನೀರು ನಿಂತಿತು.

ಬಿಳೀದು ಮೂಗು ಅರಳಿಸಿತು. ಒಂದು ಹೆಜ್ಜೆ ಇಟ್ಟಿತು, ನಿಂತಿತು, ಇನ್ನೊಂದು ಹೆಜ್ಜೆ. ಯಾರೂ ಹಿಡಿಯಲಿಲ್ಲ, ಯಾರೂ ಅಟ್ಟಲಿಲ್ಲ. ತಾನಾಗಿಯೇ ಬಂದು ಆ ನೀರಿನೊಳಗೆ ನಾಲ್ಕೂ ಕಾಲು ಇಟ್ಟು, ಒಂದು ದೊಡ್ಡ ಉಸಿರು ಬಿಟ್ಟು ತಲೆ ಇಳಿಸಿತು. ನನಗೆ ತಟ್ಟನೆ ತಿಳಿಯಿತು. ಒಲೆಯಲ್ಲಿ ಕೈ ಸುಟ್ಟರೆ ನಾನು ನಲ್ಲಿಯ ಕೆಳಗೆ ಹಿಡಿಯುವುದಿಲ್ಲವೇ, ಹಾಗೆಯೇ ಅದೂ.

"ಮೋಟರ್ ಯಾರೂ ಆಫ್ ಮಾಡ್ಬೇಡಿ," ಎಂದು ಡಾಕ್ಟರು ಪಿಸುಗುಟ್ಟಿದರು.

ನಾವು ಕಾದೆವು. ಅಪಾರ್ಟ್‌ಮೆಂಟಿನ ಕಿಟಕಿಗಳಲ್ಲಿ ದೀಪ ಹತ್ತತೊಡಗಿತು. ಕುದುರೆಯ ಕಿವಿ ನಿಧಾನಕ್ಕೆ ಸಡಿಲವಾಯಿತು. ನಾನು ಬೆಲ್ಲದ ಡಬ್ಬಿ ತಂದು ಅಲುಗಿಸಿದೆ. ಅದು ನೋಡಿತು. ನನ್ನ ಗಂಡ ಡಬ್ಬಿಯಿಂದ ಒಂದು ಅಚ್ಚು ತೆಗೆದುಕೊಂಡು, ಕೆಸರಲ್ಲಿ ಕಾಲೆಳೆಯುತ್ತ ಹೋದರು. ಈ ಸಲ ಕಚ್ಚಲಿಲ್ಲ. ಇವರು ಒಂದೇ ಕೈಯಿಂದ ಹಗ್ಗ ಹಿಡಿದರು. ಡಾಕ್ಟರು ಕುತ್ತಿಗೆಗೆ ಇಂಜೆಕ್ಷನ್ ಚುಚ್ಚಿ, ಮೆಲ್ಲಗೆ ಹಿಂದಕ್ಕೆ ಸರಿದು, ಗಾಯ ನೋಡಲೆಂದು ಹಿಂಗಾಲಿನ ಮೇಲೆ ಕೈಯಿಟ್ಟರು.

ಮುಂದೆ ಹಿಡಿದ ಹಗ್ಗ. ಹಿಂದೆ ತಾಗಿದ ಕೈ.

ಬಿಳೀದು ನಡುಗುತ್ತಾ ಕತ್ತು ಬಾಗಿಸಿತು. ಆ ಬೆಂದ ಕಾಲುಗಳನ್ನು ನೀರಿನಿಂದ ಎತ್ತಿ, ಇಟ್ಟು, ಎತ್ತಿ, ನಿಂತಲ್ಲೇ ನಡೆಯಲು ಶುರು ಮಾಡಿತು.

ನನ್ನ ಗಂಡ ಹಗ್ಗವನ್ನು ಕೆಸರಿಗೆ ಬಿಟ್ಟುಬಿಟ್ಟರು. "ಬೇಡಪ್ಪ. ಬೇಡ ಕಣೋ. ಸಾಕು, ನಿಂತ್ಕೊ. ಯಾರೂ ಕೇಳ್ಲಿಲ್ಲ ನಿನ್ನ, ನಿಂತ್ಕೊ," ಎನ್ನುತ್ತಾ ಅದರ ಕತ್ತಿಗೆ ಮುಖವೊತ್ತಿ ಅತ್ತರು. ನಮ್ಮ ಮಾವ ತೀರಿಕೊಂಡಾಗಲೂ ಅವರು ಹಾಗೆ ಅತ್ತಿರಲಿಲ್ಲ. ಹಗ್ಗ ಸಡಿಲವಾದ ಮೇಲೆ ಅದರ ಕಾಲು ನಿಂತಿತು. ಮುಂದಿನ ಕೆಲಸವೆಲ್ಲ ಡಾಕ್ಟರು ಹಗ್ಗವಿಲ್ಲದೆಯೇ ಮಾಡಿದರು. ಮೇಡಂ ಟಾರ್ಚು ಹಿಡಿದರು, ನಾನು ಪಟ್ಟಿ ಕೊಟ್ಟೆ.

"ಈಗೇನೂ ಹೇಳಲ್ಲ," ಎಂದರು ಡಾಕ್ಟರು. "ಗೊರಸು ಕಚ್ಚಿಕೊಂಡು ಉಳಿದ್ರೆ ಕುದುರೆ ಉಳೀತು."

ಅದಾದ ಮೇಲಿನ ದಿನಗಳಲ್ಲಿ ನಮ್ಮ ಲಾಯದಲ್ಲಿ ಪಾಠವಿರಲಿಲ್ಲ. ಇವರು ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಬಿಳೀದರ ಬಾಗಿಲಲ್ಲೇ ಹಾಸಿಗೆ ಹಾಕಿದರು. ಭಾವನ ಮಗ ಹೇಳಿದಂತೆ ಬಂದೇ ಬಂದ, ಕೈಯಲ್ಲಿ ಏನೂ ಇರಲಿಲ್ಲ. ಬೇಲಿಯ ಆಚೆ ನಿಂತ. ಮುಖದ ಮೇಲಿನ ಚಾಟಿಯ ಗೆರೆ ಕಪ್ಪಗೆ ಊದಿಕೊಂಡಿತ್ತು. ಇವರು ಏಳಲಿಲ್ಲ. ಅವನು ಪಟ್ಟಿ ಸುತ್ತಿದ ನಾಲ್ಕು ಕಾಲುಗಳನ್ನು ನೋಡುತ್ತಾ ಬಹಳ ಹೊತ್ತು ನಿಂತು, ಉಗುಳಿ, ಹೊರಟುಹೋದ. ಚಿಕ್ಕಪ್ಪನ ಜೊತೆ ಇವತ್ತಿಗೂ ಮಾತಿಲ್ಲ.

ಭಾವನ ದವಡೆಗೆ ತಂತಿ ಕಟ್ಟಿ ಮನೆಗೆ ಕಳಿಸಿದರು. ಬಾಯಿ ತೆರೆಯುವಂತಿಲ್ಲ, ಸ್ಟ್ರಾದಲ್ಲಿ ಕುಡಿಯಬೇಕು. ವಾರಗಿತ್ತಿ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಆದರೆ ಅವಳ ಕೈಯ ರಾಗಿ ಗಂಜಿ ಗಂಟು ಕಟ್ಟುತ್ತದೆ, ಗಂಟು ಸ್ಟ್ರಾದಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ಗಂಜಿ ಮಾಡಿ, ಬಟ್ಟೆಯಲ್ಲಿ ಸೋಸಿ, ಚೊಂಬಿನಲ್ಲಿ ಹಾಕಿ ಅವರ ಜಗಲಿಯ ಮೇಲೆ ಇಟ್ಟು ಬರುತ್ತಿದ್ದೆ. ಸಂಜೆಗೆ ತೊಳೆದ ಖಾಲಿ ಚೊಂಬು ನಮ್ಮ ಜಗಲಿಯ ಮೇಲೆ ಕೂತಿರುತ್ತಿತ್ತು.

ಡಾಕ್ಟರು ಕೊನೆಯ ಪಟ್ಟಿ ಬಿಚ್ಚುವ ದಿನ ನಾನು ಒಲೆಯ ಮೇಲೆ ಗಂಜಿಗೆ ನೀರಿಟ್ಟಿದ್ದೆ. ಮೇಡಂ ಆಫೀಸಿಗೆ ರಜೆ ಹಾಕಿ ಬಂದಿದ್ದರು. ಉರಿ ಸಣ್ಣಗೆ ಮಾಡಿ ನಾನೂ ಹೋದೆ. ಬೇಲಿಯ ಆಚೆ ಭಾವ ಗೋಡೆಗೆ ಒರಗಿ ನಿಂತಿದ್ದರು, ತಲೆಗೆ ಮಫ್ಲರು ಸುತ್ತಿಕೊಂಡು. ಡಾಕ್ಟರು ಒಂದೊಂದೇ ಕಾಲು ಎತ್ತಿಸಿ, ಗೊರಸನ್ನು ಹೆಬ್ಬೆರಳಿನಿಂದ ಒತ್ತಿ, ಇಕ್ಕಳದಿಂದ ತಟ್ಟಿದರು. ಕೊನೆಯ ಕಾಲು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದರು.

"ಕಚ್ಚಿಕೊಂಡಿದೆ. ಉಳೀತು."

ನನ್ನ ಗಂಡ ಬಿಳೀದರ ಹಿಂದೆ ಹೋಗಿ, ಬೆತ್ತದ ತುದಿಯಿಂದ ಹಿಂಗಾಲನ್ನು ಮೆಲ್ಲಗೆ ಮುಟ್ಟಿದರು. ಹಗ್ಗವನ್ನು ಯಾರೂ ಹಿಡಿದಿರಲಿಲ್ಲ. ಅದು ಕಾಲೆತ್ತಲು ಶುರು ಮಾಡಿದ ಕೂಡಲೇ ಇವರು, "ಹೋಗು! ಓಡು!" ಎಂದು ಕೂಗಿ ಪಕ್ಕಕ್ಕೆ ಸರಿದರು. ಕುದುರೆಗೆ ಅರ್ಥವಾಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಆಮೇಲೆ ಒಂದು ಸಲ ಕುಂಟುತ್ತಾ ನಾಲ್ಕು ಹೆಜ್ಜೆ ಮುಂದಕ್ಕೆ ಓಡಿತು.

"ಇನ್ ಮೇಲೆ ಇದೇ ಪಾಠ ಮೇಡಂ," ಎಂದರು. "ಹಿಂದೆ ಮುಟ್ಟಿದ್ರೆ ಓಡ್ಬೇಕು. ಕಾಂಪಿಟೇಶನ್ನಿಗೆ ಬರಲ್ಲ ಇದು ಇನ್ನು. ಪರ್ವಾಗಿಲ್ವಾ?"

"ಓಡ್ಲಿ ಬಿಡ್ರಿ," ಎಂದರು ಮೇಡಂ.

ನಾನು ಮನೆಯ ಕಡೆ ತಿರುಗಿದಾಗ ಭಾವ ಬೇಲಿಯ ಹತ್ತಿರ ಬಂದು ನಿಂತಿದ್ದರು. ತಂತಿ ಬಿಗಿದ ಹಲ್ಲುಗಳ ನಡುವಿನಿಂದ ಮಾತು ಸೋರಿ ಬರುತ್ತಿತ್ತು. ಎರಡು ಸಲ ಹೇಳಿದ ಮೇಲೆ ನನಗೆ ತಿಳಿಯಿತು.

"ಅಗ್ಗ ಜಗ್ಗಲೇ ಇಲ್ಲ ಕಣವ್ವ ಅದು. ಎತ್ತಾಗಿದ್ರೆ ನನ್ ಕೈ ಕಿತ್ಕೊಂಡ್ ಓಗಿರೋದು. ಅಷ್ಟ್ ಉರೀನಾಗೂ ಒಂದ್ ದಪ ಜಗ್ಗಲಿಲ್ಲ. ನಂಗ್ ಗೊತ್ತಾಗ್ಬೇಕಿತ್ತು."

ಅವರು ತಮ್ಮ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. "ಗಂಜಿ ಇಟ್ಟಿದ್ದೀನಿ ಭಾವ, ತಂದ್ಕೊಡ್ತೀನಿ, ಕೂತ್ಕೊಳ್ಳಿ," ಎಂದೆ.

ಒಳಗೆ ನೀರು ಕುದಿದು ಅರ್ಧ ಇಂಗಿತ್ತು. ಇನ್ನಷ್ಟು ನೀರು ಸುರಿದು, ತಣ್ಣೀರಲ್ಲಿ ಕದಡಿದ ರಾಗಿಹಿಟ್ಟನ್ನು ಧಾರೆಯಾಗಿ ಬಿಡುತ್ತಾ, ಗಂಟಾಗದಂತೆ ತಿರುವತೊಡಗಿದೆ.